ಇಮ್ಮಡಿ ದೇವರಾಯ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ಪ್ರದೇಶಕ್ಕೆ ಹಿಂದೆ ಎಡೆದೊರೆನಾಡೆಂದು ಹೆಸರು. ರಾಯಚೂರು, ಸಿರವಾರ, ಮಾನ್ವಿ, ದೇವದುರ್ಗಗಳು ಈ ನಾಡಿನ ಊರುಗಳು. ಇದರ ಒಡೆತನಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಸೈನ್ಯದ ಬಲವು ಬೊಕ್ಕಸದ ಬಲವನ್ನು ಅವಲಂಬಿಸಿದೆಯೆಂದು ಚೆನ್ನಾಗಿ ಅರಿತಿದ್ದ ಅರಸನು ಸಂಗಮ ವಂಶದ ಇಮ್ಮಡಿ ದೇವರಾಯನು.

ದೇವರಾಯನು 1424ರ ಸುಮಾರಿಗೆ ಪಟ್ಟವೇರಿದನು. ಗಜಬೇಟೆಕಾರನೆಂಬುದು ಅವನ ಬಿರುದು. ಅವನ ಕಾಲದ ನಾಣ್ಯಗಳಲ್ಲಿಯೂ ಆನೆಯ ಚಿತ್ರವಿದೆ. ಬಹಮನಿಗಳೆದುರು ತನ್ನ ಸೇನೆ ಏಕೆ ಸೋಲುತ್ತಿದೆಯೆಂದು ಅವನು ಸಭೆ ಸೇರಿಸಿ ವಿಚಾರಿಸಿದನು. ಶತ್ರುಗಳಲ್ಲಿ ಉತ್ತಮ ಕುದುರೆಗಳೂ ನುರಿತ ಬಿಲ್ಲುಗಾರರೂ ಇರುವುದೇ ಕಾರಣವೆಂದು ತಿಳಿದುಬಂದಿತು. ಆಗ ಅವನು ಮುಸಲ್ಮಾನ ಯೋಧರನ್ನು ಸೇನೆಗೆ ಸೇರಿಸಿಕೊಂಡು ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆಯನ್ನು ಕಲಿಸಿದನು. ಅವರ ಪ್ರಾರ್ಥನೆಗೆಂದು ಮಸೀದಿಯನ್ನು ಕಟ್ಟಿಸಿದನು. ಅವರು ವಂದಿಸುವಾಗ ಸಂಕೋಚಪಡದಿರಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು.

ಇಂತಹ ಸೇನೆಯನ್ನು ಸಾಕುವುದು ಸುಲಭವಲ್ಲ. 1443ರಲ್ಲಿ ಹೆರಾತಿನಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ವಿಜಯನಗರದ ಟಂಕಸಾಲೆಯ ವ್ಯವಸ್ಥೆಯನ್ನು ವರ್ಣಿಸಿದ್ದಾನೆ. ರಾಜ್ಯದ ಆದಾಯವು ಅಲ್ಲಿಗೆ ಬಂದು ಸೇರುತ್ತಿತ್ತು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಅಲ್ಲಿಂದಲೇ ವೇತನ ಸಲ್ಲುತ್ತಿತ್ತು. ಒಂದು ವರಹಕ್ಕೆ ಎರಡು ಪ್ರತಾಪ, ಒಂದು ಪ್ರತಾಪಕ್ಕೆ ಹತ್ತು ಹಣ. ಹಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಭಾಗ ತಾಮ್ರದ ಜಿತಲ್. ಸೈನಿಕನ ಕೈಸೇರಿದ ನಾಣ್ಯವು ಪೇಟೆಯ ಧಾನ್ಯಕ್ಕೂ ಬಟ್ಟೆಗೂ ವೆಚ್ಚವಾಗಿ, ಸುಂಕ ಕಂದಾಯಗಳ ರೂಪದಲ್ಲಿ ಮರಳಿ ಬೊಕ್ಕಸವನ್ನು ಸೇರುತ್ತಿತ್ತು.

ಪ್ರಾಚೀನ ರೋಮಿನಲ್ಲಿಯೂ ಇದೇ ಕ್ರಮವಿತ್ತು. ಆದರೆ ಅಲ್ಲಿನ ಸಮ್ರಾಟರು ಸೈನಿಕರ ವೇತನವನ್ನು ಹೆಚ್ಚಿಸುತ್ತ ನಾಣ್ಯದ ಬೆಳ್ಳಿಯನ್ನು ತಗ್ಗಿಸಿದರು. ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ಬೆಲೆಗಳೇರಿ ಜನರು ಬವಣೆಪಟ್ಟರು. ವಿಜಯನಗರದ ವರಹವಾದರೋ ದೀರ್ಘಕಾಲ ಜನರ ನಂಬಿಕೆಯನ್ನು ಉಳಿಸಿಕೊಂಡಿತು.

1443ರಲ್ಲಿಯೇ ದೇವರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಗೆದ್ದು, ರಾಯಚೂರನ್ನು ಮುತ್ತಿದನು. ಆದರೆ ಮುಂದಿನ ಕಾಳಗವೊಂದರಲ್ಲಿ ಅವನ ಮಗನೇ ಮಡಿದನು. ಕೊನೆಗೆ ಅರಸನು ಕಪ್ಪವನ್ನೊಪ್ಪಿ ಸಂಧಿ ಮಾಡಿಕೊಂಡನು. ತುಂಬಿದ ಬೊಕ್ಕಸವು ಸೇನೆಯನ್ನು ಕಟ್ಟಿಕೊಟ್ಟಿತು. ಮಡಿದ ಮಗನನ್ನು ಮರಳಿ ತರಲಾರದೆ ಹೋಯಿತು. ಸೇನೆಯ ವೆಚ್ಚಕ್ಕೆ ಕಂದಾಯ ತೆತ್ತ ಒಕ್ಕಲಿನ ಹೊಲಗಳೇ ಆ ಸೇನೆಗಳ ತುಳಿತಕ್ಕೂ ಸಿಕ್ಕಿದವು. 1446ರಲ್ಲಿ ದೇವರಾಯನು ತೀರಿಕೊಂಡನು. ಪರಮತವನ್ನು ಗೌರವಿಸಿದ, ದುಡಿದವನಿಗೆ ತಪ್ಪದೆ ವೇತನ ಸಲ್ಲಿಸಿದ ಅರಸನೆಂದು ಅವನ ಹೆಸರು ಚರಿತ್ರೆಯಲ್ಲಿ ಉಳಿದಿದೆ.