ಲಂಟಾನದೊಳಗೆ ಎಷ್ಟುದ್ದದ ನಳಿಗೆ?

ಅರಸೀಕೆರೆ ಕಡೆಯ ಕೊಲೆಗಡುಕ ಕರಡಿಯ ಕಥೆ ಬರೆದ ಕೆನೆತ್ ಆಂಡರ್ಸನ್ ಯಾರಿಗೆ ಗೊತ್ತಿಲ್ಲ? ತೇಜಸ್ವಿಯವರು ಅವರ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದ ಮೇಲಂತೂ ಮನೆಮಾತು. 1910ರಲ್ಲಿ ಹೈದರಾಬಾದ್ ಬಳಿಯ ಬೊಲಾರಂನಲ್ಲಿ ಹುಟ್ಟಿದರು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ. ರಜಾ ಸಿಕ್ಕಿತೋ, ಕಾಡೇ ಗತಿ. ಜೊತೆಗೆ ಮೆಚ್ಚಿನ ವಿಂಚೆಸ್ಟರ್ .405 ಕೋವಿ.

ಈ ಮಾದರಿಗೆ ಕಂಪನಿಯವರು ಹಾಕುತ್ತಿದ್ದದ್ದು 24 ಇಂಚಿನ ನಳಿಗೆ. ಅದರಲ್ಲೇನು ವಿಶೇಷ ಅಂತೀರಾ? ಒಮ್ಮೆ ಲಂಟಾನದ ಪೊದೆಗೆ ನುಗ್ಗಿ ನೋಡಿ ಸ್ವಾಮಿ! ಗಾಯಗೊಂಡ ಚಿರತೆ ಹತ್ತು ಹೆಜ್ಜೆ ದೂರದಲ್ಲಿ ಎದ್ದರೆ, ಕೋವಿ ತಿರುಗಿಸಲು ಸಿಗೋದು ರೆಪ್ಪೆ ಬಡಿಯುವಷ್ಟು ಹೊತ್ತು. ನಳಿಗೆ ಉದ್ದವಾದರೆ ತುದಿ ಬಳ್ಳಿಗೆ ಸಿಕ್ಕಿಕೊಳ್ಳುತ್ತೆ. ಅಲ್ಲಿಗೆ ಬೇಟೆಗಾರನ ಕಥೆ ಮುಗೀತು.

ಹಾಗಂತ ಗೇಣುದ್ದ ಕತ್ತರಿಸಿ ಹಾಕೋಣವೇ? ಗುಂಡಿನ ವೇಗ ಒಂದಿಷ್ಟು ಇಳಿಯುತ್ತೆ, ಹತ್ತು ಹೆಜ್ಜೆಯಲ್ಲಿ ಅದು ದೊಡ್ಡ ಮಾತಲ್ಲ. ತೊಂದರೆ ಬೇರೆ. ಸದ್ದು ಕಿವಿ ಒಡೆಯುತ್ತೆ, ಬಾಯಲ್ಲಿ ಬೆಂಕಿ ಭಗ್ಗೆನ್ನುತ್ತೆ, ಕತ್ತಲಲ್ಲಿ ಹೊಡೆದವನದೇ ಕಣ್ಣು ಕೋರೈಸುತ್ತೆ. ಮೂತಿ ಹಗುರಾಗಿ ಗುರಿಯೂ ಅಲ್ಲಾಡುತ್ತೆ. ಆಂಡರ್ಸನ್ ಕೋವಿಗೆ ಟಾರ್ಚು ಬಿಗಿದು ರಾತ್ರಿಯಿಡೀ ಕಾಯುತ್ತಿದ್ದವರು. ಅವರಿಗೆ 24 ಇಂಚು ಸರಿಯಾದ ನಡುದಾರಿ ಅಂತಲೇ ನಮ್ಮ ಲೆಕ್ಕ. ಇನ್ನೊಂದು ಅನುಕೂಲ: ಕೆಳಗಿನ ಸನ್ನೆಯನ್ನು ಎಳೆದರೆ ಸಾಕು, ಕೋವಿಯನ್ನು ಹೆಗಲಿನಿಂದ ಇಳಿಸದೆ ಎರಡನೇ ಗುಂಡು ಸಿದ್ಧ.

1972ರಲ್ಲಿ ವನ್ಯಜೀವಿ ಕಾಯಿದೆ ಬಂತು. 1974ರಲ್ಲಿ ಆಂಡರ್ಸನ್ ಕ್ಯಾನ್ಸರಿನಿಂದ ತೀರಿಕೊಂಡರು. ಬಂಡೀಪುರದಲ್ಲಿ ಲಂಟಾನ ಮಾತ್ರ ಇನ್ನೂ ಹಬ್ಬುತ್ತಲೇ ಇದೆ.