ಗೆಳೆಯರ ನಡುವೆ ಬೆಳೆದ ಕವಿ

ಕವಿಗೆ ಏಕಾಂತ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಏಕಾಂತದಲ್ಲಿ ಹುಟ್ಟಿದ ಕವನಕ್ಕೆ ಅಚ್ಚಿನ ಮನೆಗೆ ಹೋಗುವ ಮುನ್ನ ನಾಲ್ಕು ಜನರ ಕಿವಿಯೂ ಬೇಕು. ವರಕವಿ ದ. ರಾ. ಬೇಂದ್ರೆಯವರ ಚರಿತ್ರೆಯನ್ನು ಓದಿದಾಗ ನನಗೆ ಮನದಟ್ಟಾದ ಸಂಗತಿಯಿದು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ೧೮೯೬ನೆಯ ಜನವರಿ ೩೧ರಂದು ಧಾರವಾಡದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ಸಾಕಿ ಸಲಹಿದ ತಾಯಿ ಅಂಬಿಕೆಯ ಹೆಸರನ್ನೇ ಮುಂದಿರಿಸಿಕೊಂಡು ಅವರು ಅಂಬಿಕಾತನಯದತ್ತರಾದರು. ಮನೆಮಾತು ಮರಾಠಿ. ೧೯೧೮ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ. ಎ. ಮುಗಿಸಿ, ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು.

೧೯೨೨ರ ಸುಮಾರಿಗೆ ಅವರ ಸುತ್ತ 'ಗೆಳೆಯರ ಗುಂಪು' ಕೂಡಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ರಂ. ಶ್ರೀ. ಮುಗಳಿ, ಮುಂದೆ ವಿ. ಕೃ. ಗೋಕಾಕ ಮೊದಲಾದವರು ಅದರಲ್ಲಿದ್ದರು. ಒಬ್ಬರ ಒಲವು ಸಂಶೋಧನೆಯ ಕಡೆಗೆ, ಇನ್ನೊಬ್ಬರದು ಹಳ್ಳಿಯ ಹಾಡಿನ ಕಡೆಗೆ, ಮತ್ತೊಬ್ಬರದು ಸಾಹಿತ್ಯಚರಿತ್ರೆಯ ಕಡೆಗೆ. ಒಬ್ಬರು ಬರೆದುದನ್ನು ಉಳಿದವರು ಕೇಳುವರು. ಒಪ್ಪಿದರೆ ತಲೆದೂಗುವರು, ಒಪ್ಪದಿದ್ದರೆ ವಾದಿಸುವರು. ಬೇಂದ್ರೆಯವರ ಕಾವ್ಯ ಆಡುಮಾತಿನ ಲಯದ್ದು. ಅಂಥ ಕಾವ್ಯಕ್ಕೆ ಕೇಳುವ ಕಿವಿಯೇ ಒರೆಗಲ್ಲು. ಲಾಭ ಅವರೊಬ್ಬರದೇ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಗೋಕಾಕರು ಈ ಸಹವಾಸದಿಂದ ಕನ್ನಡಕ್ಕೆ ತಿರುಗಿದರು.

೧೯೩೨ರಲ್ಲಿ 'ಗರಿ' ಪ್ರಕಟವಾಯಿತು. ಅದರಲ್ಲಿಯ 'ನರಬಲಿ' ಕವನಕ್ಕಾಗಿ ಬ್ರಿಟಿಷ್ ಸರಕಾರವು ಕವಿಯನ್ನು ಹಿಂಡಲಗಾ ಜೇಲಿಗೆ ಕಳಿಸಿತು. ತರುವಾಯ ಮುಗದದಲ್ಲಿ ನಿರ್ಬಂಧದಲ್ಲಿರಿಸಿತು. ಅಳ್ನಾವರದಿಂದ ಧಾರವಾಡಕ್ಕೆ ಹೋಗುವ ರೈಲುದಾರಿಯ ಮೇಲಿನ ಆ ಊರು ನಮಗೆ ದೂರದ್ದಲ್ಲ. ನೌಕರಿಯಿಲ್ಲದೆ ಅವರು ಹಲವು ವರ್ಷ ಬವಣೆಪಟ್ಟರು. ಕ್ರಮೇಣ ಗುಂಪೂ ಚದುರಿತು. ಆದರೆ ಬರವಣಿಗೆ ನಿಲ್ಲಲಿಲ್ಲ. ೧೯೬೪ರ 'ನಾಕುತಂತಿ'ಗೆ ೧೯೭೩ರ ಜ್ಞಾನಪೀಠ ಪ್ರಶಸ್ತಿ ಸಂದಿತು. ೧೯೮೧ನೆಯ ಅಕ್ಟೋಬರ್ ೨೬ರಂದು ಬೇಂದ್ರೆಯವರು ತೀರಿಕೊಂಡರು. ಗೋಕಾಕರಿಗೂ ೧೯೯೦ರ ಅದೇ ಪ್ರಶಸ್ತಿ ಬಂದಿತು.

ಈ ಚರಿತ್ರೆ ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವುದೆಂದು ನನ್ನ ಎಣಿಕೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಎಷ್ಟೋ ಮನೆಗಳಲ್ಲಿ ಮಾತು ಮರಾಠಿ, ಇಲ್ಲವೇ ಕೊಂಕಣಿ. ಗೌಳಿಗರ, ಸಿದ್ದಿಯರ ಹಾಡಿಗಳಿಂದಲೂ ಮಕ್ಕಳು ಓದಲು ಬರುತ್ತಾರೆ. ಕನ್ನಡದಲ್ಲಿ ಬರೆದರೆ ತಪ್ಪಾದೀತು, ಓದಿದರೆ ನಕ್ಕಾರು ಎಂಬ ಅಳುಕಿನಿಂದ ಅನೇಕರ ವಹಿಗಳು ಚೀಲದಲ್ಲಿಯೇ ಉಳಿಯುತ್ತವೆ. ಹಾಗೆ ಉಳಿದ ವಹಿಯೊಂದಿಗೆ ಕಾಡಿನ ನಡುವಿನ ಒಂದು ಬದುಕು ಕನ್ನಡಕ್ಕೆ ಬಾರದೆ ಹೋಗುತ್ತದೆ. ಮರಾಠಿ ಮನೆಯ ಹುಡುಗ ಕನ್ನಡದ ವರಕವಿಯಾದದ್ದನ್ನು ಅವರು ನೆನೆಯಬೇಕು.

ಆದರೆ ನೆನೆದರಷ್ಟೇ ಸಾಲದು, ಗೆಳೆಯರೂ ಬೇಕು. ಬರೀ ಹೊಗಳುವವರಿಂದ ಬರಹ ತಿದ್ದಿಕೊಳ್ಳದು. ಬರೀ ಹಳಿಯುವವರ ಮುಂದೆ ಅದು ಬಾಯಿಯನ್ನೇ ಬಿಡದು. ಎಲ್ಲಿ ಹಿಡಿಸಿತು, ಎಲ್ಲಿ ತಿಳಿಯಲಿಲ್ಲ ಎಂದು ನೇರವಾಗಿ ಹೇಳುವ ಇಬ್ಬರು ಸಿಕ್ಕರೂ ಸಾಕು. ವಾರಕ್ಕೊಮ್ಮೆ ಒಂದು ತಾಸು, ತರಗತಿಗಳು ಮುಗಿದ ಮೇಲೆ, ತಿದ್ದದ ಪ್ರತಿಯನ್ನೇ ಹಿಡಿದುಕೊಂಡು ಕೂಡೋಣ. ಗುರುಗಳು ಬಂದು ಕುಳಿತರೆ ಇನ್ನೂ ಸಂತೋಷ. ಮುಂದಿನ ವರ್ಷದ ಸಂಚಿಕೆಗೆ ಬರುವ ಬರಹಗಳು ಆ ಕಿವಿಗಳನ್ನು ದಾಟಿಯೇ ಬರಲಿ.