ಮಂಜುಗಡ್ಡೆ ತಯಾರಿಸಿದ ವೈದ್ಯ ಡಾ. ಜಾನ್ ಗೊರ್ರಿ

ಮನೆಯ ಕೋಣೆಯೊಳಗೆ ತಣ್ಣನೆಯ ಗಾಳಿ ಸೂಸುವ ಹವಾನಿಯಂತ್ರಕದ ನಿಜವಾದ ದುಡಿಮೆ ನಡೆಯುವುದು ಗೋಡೆಯ ಆಚೆ. ಅಲ್ಲಿ ಕುಳಿತ ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ಒತ್ತಿದ ಅನಿಲ ಕಾಯುತ್ತದೆ. ಆ ಶಾಖವನ್ನು ಹೊರಹಾಕದ ಹೊರತು ಕೋಣೆ ತಂಪಾಗದು. ಹೊರಹಾಕುವ ದಾರಿ ಕಟ್ಟಿದರೆ ಯಂತ್ರವೇ ಬೇಯುತ್ತದೆ. ಬೇಸಿಗೆಯಲ್ಲಿ ಎಸಿ ದುರಸ್ತಿಗಾರರನ್ನು ಮನೆಮನೆಗೆ ಅಲೆಸುವ ಈ ತೊಂದರೆಗೆ ಸುಮಾರು 175 ವರ್ಷಗಳ ಹಿಂದೆ ಪರಿಹಾರ ಹುಡುಕಿದವರಲ್ಲಿ ಒಬ್ಬರು ಎಂಜಿನಿಯರ್ ಆಗಿರಲಿಲ್ಲ. ಅವರು ಜ್ವರಪೀಡಿತರ ಹಾಸಿಗೆಯ ಪಕ್ಕ ನಿಂತು ದಿಕ್ಕು ತೋಚದಾಗಿದ್ದ ವೈದ್ಯರು.

ಅವರೇ ಡಾ. ಜಾನ್ ಗೊರ್ರಿ. 1803ರಲ್ಲಿ ಜನಿಸಿದ ಗೊರ್ರಿ ಬೆಳೆದದ್ದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ. ನ್ಯೂಯಾರ್ಕ್ ರಾಜ್ಯದ ಫೇರ್‌ಫೀಲ್ಡ್‌ನಲ್ಲಿ ವೈದ್ಯಶಿಕ್ಷಣ ಪಡೆದು, 1833ರಲ್ಲಿ ಫ್ಲಾರಿಡಾದ ಅಪಲಾಚಿಕೋಲ ಎಂಬ ಬಂದರು ಊರಿಗೆ ಬಂದು ನೆಲೆಸಿದರು. ಫ್ಲಾರಿಡಾ ಆಗಿನ್ನೂ ರಾಜ್ಯವಾಗಿರಲಿಲ್ಲ. ಒಳನಾಡಿನ ತೋಟಗಳಲ್ಲಿ ಗುಲಾಮರು ಬೆವರು ಸುರಿಸಿ ಬೆಳೆದ ಹತ್ತಿ ನದಿಯ ಮೂಲಕ ಈ ಊರಿಗೆ ಬಂದು ಹಡಗು ಏರುತ್ತಿತ್ತು. ಹಣ ಓಡಾಡುತ್ತಿದ್ದ ಊರಿನಲ್ಲಿ ಯುವ ವೈದ್ಯರು ಬೇಗನೆ ಗಣ್ಯರಾದರು. ಅಂಚೆ ಅಧಿಕಾರಿ, ಪುರಸಭೆಯ ಸದಸ್ಯ, ಖಜಾಂಚಿ, ಕೊನೆಗೆ 1837ರಲ್ಲಿ ಮೇಯರ್. 1838ರಲ್ಲಿ ಕ್ಯಾರೊಲೀನ್ ಎಂಬ ವಿಧವೆಯನ್ನು ವಿವಾಹವಾದರು. ದಂಪತಿಗೆ ಇಬ್ಬರು ಮಕ್ಕಳು.

ಊರಿನ ಸಿರಿಯ ಹಿಂದೆಯೇ ಅದರ ಶಾಪವೂ ಇತ್ತು. ಸುತ್ತಲಿನ ಜೌಗು ನೆಲದಿಂದ ಪ್ರತಿ ಬೇಸಿಗೆಯಲ್ಲೂ ಮಲೇರಿಯಾ ಏಳುತ್ತಿತ್ತು. 1841ರಲ್ಲಿ ಹಳದಿ ಜ್ವರ ಆ ಕರಾವಳಿಯನ್ನು ತತ್ತರಿಸುವಂತೆ ಮಾಡಿತು. ನೆರೆಯ ಸೇಂಟ್ ಜೋಸೆಫ್ ಪಟ್ಟಣ ಆ ಪಿಡುಗಿನ ಬಳಿಕ ಚೇತರಿಸಿಕೊಳ್ಳಲೇ ಇಲ್ಲ. ಕೊಳೆತ ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣ ಎಂಬುದು ಅಂದಿನ ವೈದ್ಯಲೋಕದ ನಂಬಿಕೆ. ಗೊರ್ರಿ ಅವರದೂ ಅದೇ ನಂಬಿಕೆ. ಚಳಿಗಾಲ ಬಂದೊಡನೆ ಜ್ವರ ತಾನಾಗಿಯೇ ಅಡಗುವುದನ್ನು ಅವರು ಗಮನಿಸಿದ್ದರು. ಹಾಗಾದರೆ ರೋಗಿಯ ಕೋಣೆಯೊಳಗೇ ಚಳಿಗಾಲವನ್ನು ಏಕೆ ತರಬಾರದು ಎಂಬುದು ಅವರಿಗೆ ಹೊಳೆದ ಯೋಚನೆ.

ಅವರು ಮಂಜುಗಡ್ಡೆ ತುಂಬಿದ ಪಾತ್ರೆಯನ್ನು ಕೋಣೆಯ ಛಾವಣಿಗೆ ತೂಗುಹಾಕಿದರು. ಹೊರಗಿನ ಗಾಳಿ ಕೊಳವೆಯ ಮೂಲಕ ಅದರ ಮೇಲೆ ಹಾಯ್ದು, ತಣಿದು ಭಾರವಾಗಿ, ರೋಗಿಯ ಮೇಲೆ ಇಳಿದು, ನೆಲದ ಬಳಿಯ ಕಿಂಡಿಯಿಂದ ಹೊರಹೋಗುತ್ತಿತ್ತು. ವ್ಯವಸ್ಥೆ ಸರಳ, ಆದರೆ ಮಂಜುಗಡ್ಡೆ ಸರಳವಾಗಿ ಸಿಗುವ ವಸ್ತುವಾಗಿರಲಿಲ್ಲ. ಉತ್ತರದ ಕೆರೆಗಳಲ್ಲಿ ಕೊಯ್ದ ಹಿಮದ ಹಾಸುಗಳು ಮರದ ಹೊಟ್ಟಿನಲ್ಲಿ ಹುದುಗಿ ಹಡಗಿನಲ್ಲಿ ಬರಬೇಕಿತ್ತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಈ ವ್ಯಾಪಾರದ ದೊರೆ. ಗೊರ್ರಿ ಅಪಲಾಚಿಕೋಲಕ್ಕೆ ಬಂದ 1833ರಲ್ಲೇ ಟ್ಯೂಡರ್‌ನ ಮಂಜುಗಡ್ಡೆ ಕಲ್ಕತ್ತೆಯನ್ನು ತಲುಪಿತ್ತು. ಚೆನ್ನೈ ಕಡಲತೀರದಲ್ಲಿರುವ ಐಸ್ ಹೌಸ್ ಕಟ್ಟಡ ಆ ವ್ಯಾಪಾರದ ಕುರುಹು. ಹಡಗು ತಡವಾದರೆ ಅಪಲಾಚಿಕೋಲದ ರೋಗಿಗಳಿಗೆ ತಂಪೂ ಇಲ್ಲ. ಮಂಜುಗಡ್ಡೆಯನ್ನು ಊರಿನಲ್ಲೇ ತಯಾರಿಸಬೇಕು ಎಂದು ಗೊರ್ರಿ ನಿಶ್ಚಯಿಸಿದರು. 1844ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಜೆನ್ನರ್ ಎಂಬ ಗುಪ್ತನಾಮದಲ್ಲಿ ತಮ್ಮ ವಿಚಾರಗಳನ್ನು ಬರೆದರು. ಮರುವರ್ಷ ವೈದ್ಯವೃತ್ತಿಯನ್ನೇ ಬಿಟ್ಟು ಯಂತ್ರದ ಹಿಂದೆ ಬಿದ್ದರು.

ಶಾಖವೂ ದುಡಿಮೆಯೂ ಒಂದನ್ನೊಂದು ಹುಟ್ಟಿಸುತ್ತವೆ ಎಂಬ ಸತ್ಯವನ್ನು ಇಂಗ್ಲೆಂಡಿನಲ್ಲಿ ಜೇಮ್ಸ್ ಜೌಲ್ ಪ್ರಯೋಗಗಳಿಂದ ಸ್ಥಾಪಿಸಲು ಹೊರಟಿದ್ದ ಕಾಲ ಅದು. ಗೊರ್ರಿ ಯಂತ್ರದಲ್ಲಿ ಬಳಕೆಯಾದದ್ದು ಬರಿಯ ಗಾಳಿ. ಒಂದು ಸಿಲಿಂಡರಿನಲ್ಲಿ ಕೊಂತ ಗಾಳಿಯನ್ನು ಒತ್ತುತ್ತಿತ್ತು. ಒತ್ತಿದ ಗಾಳಿ ಕಾದು, ಸಿಲಿಂಡರನ್ನೂ ಕಾಯಿಸುತ್ತಿತ್ತು. ಕಾದ ಗಾಳಿಯನ್ನು ಒತ್ತಲು ಹೆಚ್ಚು ಶಕ್ತಿ ಬೇಕು. ಅಷ್ಟೇ ಅಲ್ಲ, ಆ ಬಿಸಿ ಉಳಿದರೆ ಮುಂದೆ ಸಿಗುವ ತಂಪೂ ಕಡಿಮೆ. ಇದಕ್ಕೆ ಗೊರ್ರಿ ಕಂಡ ಉಪಾಯ ನೇರವಾದದ್ದು. ಗಾಳಿಯನ್ನು ಒತ್ತುತ್ತಿರುವಾಗಲೇ ಸಿಲಿಂಡರಿನೊಳಕ್ಕೆ ತಣ್ಣೀರನ್ನು ಚಿಮ್ಮಿಸಿದರು. ಅನಂತರ ಆ ಗಾಳಿಯನ್ನು ನೀರಿನಲ್ಲಿ ಮುಳುಗಿಸಿದ ಕೊಳವೆಗಳ ಮೂಲಕ ಹಾಯಿಸಿ ಉಳಿದ ಬಿಸಿಯನ್ನೂ ಕಳೆದರು. ಹೀಗೆ ತಣಿದ ಗಾಳಿ ಎರಡನೆಯ ಸಿಲಿಂಡರಿನಲ್ಲಿ ಕೊಂತವನ್ನು ತಳ್ಳುತ್ತ ಹಿಗ್ಗುವಾಗ ಅದರ ಉಷ್ಣತೆ ಥಟ್ಟನೆ ಇಳಿಯುತ್ತಿತ್ತು. ಆ ತಂಪು ಉಪ್ಪುನೀರಿಗೆ, ಉಪ್ಪುನೀರಿನಿಂದ ಪೆಟ್ಟಿಗೆಯಲ್ಲಿಟ್ಟ ಸಿಹಿನೀರಿಗೆ ದಾಟಿ, ನೀರು ಗಡ್ಡೆಕಟ್ಟುತ್ತಿತ್ತು. ಹಿಗ್ಗುವ ಗಾಳಿಯ ಬಲವನ್ನು ಒತ್ತುವ ಕೆಲಸಕ್ಕೇ ಮರಳಿ ಬಳಸಿಕೊಳ್ಳುವ ಜಾಣ್ಮೆಯೂ ಆ ವಿನ್ಯಾಸದಲ್ಲಿತ್ತು.

1850ರ ಜುಲೈ 14ರಂದು ಅಪಲಾಚಿಕೋಲದ ಹೋಟೆಲಿನಲ್ಲಿ ಫ್ರೆಂಚ್ ಅತಿಥಿಗಳ ಔತಣಕ್ಕೆ ಈ ಯಂತ್ರದ ಮಂಜುಗಡ್ಡೆ ಬಡಿಸಿ ಎಲ್ಲರನ್ನೂ ಬೆರಗುಗೊಳಿಸಲಾಯಿತು ಎಂಬ ಕತೆ ಊರಿನಲ್ಲಿ ಪ್ರಚಲಿತವಾಗಿದೆ. 1851ರ ಮೇ 6ರಂದು ಅಮೆರಿಕ ಸರ್ಕಾರ ಅವರಿಗೆ 8080ನೇ ಸಂಖ್ಯೆಯ ಪೇಟೆಂಟ್ ನೀಡಿತು.

ಆದರೆ ಪೇಟೆಂಟ್ ಕಾಗದ ಹಣ ತರಲಿಲ್ಲ. ಯಂತ್ರದಲ್ಲಿ ಸೋರಿಕೆಯಿತ್ತು, ಅದು ಒಂದೇ ಸಮನೆ ಓಡುತ್ತಿರಲಿಲ್ಲ. ನೆರವಿಗೆ ಬಂದಿದ್ದ ಬಾಸ್ಟನ್ನಿನ ಪಾಲುದಾರ ತೀರಿಕೊಂಡ. ದೇವರು ಮಾಡುವ ಹಿಮವನ್ನು ಮನುಷ್ಯ ಮಾಡಹೊರಟಿದ್ದಾನೆಂದು ಪತ್ರಿಕೆಗಳು ಗೇಲಿ ಮಾಡಿದವು. ಈ ಅಪಹಾಸ್ಯದ ಹಿಂದೆ ಮಂಜುಗಡ್ಡೆ ವರ್ತಕರ ಕೈವಾಡವಿದೆ ಎಂದು ಗೊರ್ರಿ ಶಂಕಿಸಿದರು. ಆ ಶಂಕೆಗೆ ಪುರಾವೆ ಸಿಕ್ಕಿಲ್ಲ. 1854ರಲ್ಲಿ ಯಂತ್ರದ ವಿವರಗಳನ್ನೊಳಗೊಂಡ ಕಿರುಪುಸ್ತಕ ಪ್ರಕಟಿಸಿ ಮತ್ತೆ ಜನರ ಗಮನ ಸೆಳೆಯಲು ಯತ್ನಿಸಿದರು. ಬಂಡವಾಳಗಾರರು ಬರಲಿಲ್ಲ. ಆರೋಗ್ಯವೂ ಹಣವೂ ಕರಗಿಹೋಗಿ, 1855ರ ಜೂನ್ 29ರಂದು ತಮ್ಮ 51ನೇ ವಯಸ್ಸಿನಲ್ಲಿ ನಿಧನರಾದರು.

ಅವರ ವೈದ್ಯಕೀಯ ತರ್ಕ ತಪ್ಪೆಂದು ಕಾಲವೇ ತೋರಿಸಿತು. ಸೊಳ್ಳೆಯ ದೇಹದಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಇದೇ ರಾಸ್ 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವೈದ್ಯಾಧಿಕಾರಿಯಾಗಿದ್ದಾಗ, ನಿಂತ ನೀರನ್ನು ಇಲ್ಲವಾಗಿಸಿದರೆ ಸೊಳ್ಳೆಗಳೂ ಕಡಿಮೆಯಾಗುತ್ತವೆಂದು ಗಮನಿಸಿದ್ದರು. ಹಳದಿ ಜ್ವರವೂ ಸೊಳ್ಳೆಯಿಂದಲೇ ಹರಡುತ್ತದೆಂದು 1900ರ ಹೊತ್ತಿಗೆ ಸಾಬೀತಾಯಿತು. ಜೌಗು ನೆಲವನ್ನು ಬತ್ತಿಸಬೇಕೆಂಬ ಗೊರ್ರಿ ಅವರ ಸಲಹೆ ಸರಿಯಾಗಿತ್ತು, ಕಾರಣ ಮಾತ್ರ ಬೇರೆಯಿತ್ತು. ತಂಪು ಗಾಳಿ ಜ್ವರವನ್ನು ಗುಣಪಡಿಸದಿದ್ದರೂ ಬೇಗೆಯಲ್ಲಿ ನರಳುವವರಿಗೆ ನೆಮ್ಮದಿ ಕೊಟ್ಟದ್ದು ನಿಜ.

ಯಂತ್ರದ ತತ್ವ ಮಾತ್ರ ಉಳಿಯಿತು. 1857ರಲ್ಲಿ ವಿಲಿಯಂ ಸೀಮೆನ್ಸ್ ಅದನ್ನು ಪರಿಶೀಲಿಸಿ ಸುಧಾರಣೆ ಸೂಚಿಸಿದರು. ಗಾಳಿಯಿಂದಲೇ ತಂಪು ತೆಗೆಯುವ ಬೆಲ್-ಕೋಲ್ಮನ್ ಯಂತ್ರ 1880ರಲ್ಲಿ ಆಸ್ಟ್ರೇಲಿಯಾದ ಮಾಂಸವನ್ನು ಹಡಗಿನಲ್ಲಿ ಕೆಡದಂತೆ ಲಂಡನ್ನಿಗೆ ತಲುಪಿಸಿತು. ಇಂದಿನ ಬಹುತೇಕ ಪ್ರಯಾಣಿಕ ವಿಮಾನಗಳ ಕ್ಯಾಬಿನ್ ತಂಪಾಗುವುದೂ ಇದೇ ತತ್ವದಿಂದ.

ಮನೆಯ ಹವಾನಿಯಂತ್ರಕದಲ್ಲಿ ಗಾಳಿಯ ಬದಲು ದ್ರವವಾಗಿ ಆವಿಯಾಗುವ ಶೀತಕವಿದೆ. ಆದರೂ ಬಿಸಿಯ ಲೆಕ್ಕ ಬದಲಾಗಿಲ್ಲ. ಗೊರ್ರಿ ಯಂತ್ರದಲ್ಲಿ ನೀರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೊರಘಟಕದ ಸುರುಳಿ ಕೊಳವೆಗಳೂ ಫ್ಯಾನೂ ಮಾಡುತ್ತವೆ. ಸುರುಳಿಗೆ ಧೂಳು ಮೆತ್ತಿಕೊಂಡರೆ, ಫ್ಯಾನ್ ನಿಧಾನವಾದರೆ, ಘಟಕವನ್ನು ಗಾಳಿಯಾಡದ ಮೂಲೆಗೆ ಒತ್ತಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಶೀತಕ ಸೋರಿ ಕಡಿಮೆಯಾದರೂ ಕಂಪ್ರೆಸರ್ ಕಾಯುತ್ತದೆ. ಏಕೆಂದರೆ ಮರಳಿ ಬರುವ ತಣ್ಣನೆಯ ಅನಿಲವೇ ಒಳಗಿನ ಮೋಟಾರನ್ನು ತಂಪಾಗಿಡುತ್ತದೆ. ಅತಿಯಾಗಿ ಕಾದಾಗ ರಕ್ಷಕ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ, ಕೋಣೆಯೊಳಗೆ ಬರಿಯ ಗಾಳಿ ಬೀಸುತ್ತದೆ. ಆಗ ವಿದ್ಯುತ್ ತೆಗೆದು, ಸುರುಳಿಯನ್ನು ಶುಚಿಗೊಳಿಸಿ, ಯಂತ್ರ ಆರಿದ ಮೇಲೆ ಚಾಲೂ ಮಾಡಿ ನೋಡಬಹುದು. ಮತ್ತೆ ಮತ್ತೆ ನಿಂತರೆ ಶೀತಕ, ವೋಲ್ಟೇಜ್‌ಗಳನ್ನು ತಂತ್ರಜ್ಞರಿಂದ ಪರೀಕ್ಷಿಸಬೇಕು.

ಗೊರ್ರಿ ಅವರನ್ನು ಬದುಕಿದ್ದಾಗ ಕಡೆಗಣಿಸಿದ ದೇಶ ಅನಂತರ ನೆನೆಯಿತು. 1914ರಲ್ಲಿ ಫ್ಲಾರಿಡಾ ರಾಜ್ಯ ಅವರ ಪ್ರತಿಮೆಯನ್ನು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಕಾಣಿಕೆಯಾಗಿ ನೀಡಿತು. ಪೇಟೆಂಟಿಗಾಗಿ ಸಲ್ಲಿಸಿದ ಯಂತ್ರದ ಮಾದರಿ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಅದರ ಪ್ರತಿಕೃತಿಯನ್ನು ಅಪಲಾಚಿಕೋಲದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅವರ ಸಮಾಧಿ ಇರುವುದೂ ಅದೇ ಊರಿನಲ್ಲಿ.